ಎಲುಬುಗೂಡುಗಳ ಪಡೆ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಹಾಕಿ ಕತೆ ಕಟ್ಟುವ ಆಟ. ಅದನ್ನಾಡುವ ಪ್ರತಿ ಹೊಸ ತಂಡದಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಮೊದಲ ದಿನವೇ ಪಾತ್ರದ ಹಾಳೆ ಮುಂದಿಟ್ಟುಕೊಂಡು, ದನಿ ತಗ್ಗಿಸಿ, "ಸತ್ತವರನ್ನೆಲ್ಲ ಎಬ್ಬಿಸಿ ಒಂದು ಸೈನ್ಯ ಮಾಡ್ಕೋಬಹುದಾ?" ಅಂತ ಕೇಳುತ್ತಾರೆ. ಒಂದು ಕಾಲಕ್ಕೆ ನಮ್ಮ ತಂಡದಲ್ಲಿ ಹಾಗೆ ಕೇಳಿದವನು ನಾನೇ. ಆಮೇಲೆ ಡಿಎಮ್ (ಡಂಜನ್ ಮಾಸ್ಟರ್, ಆಟ ನಡೆಸುವವರು) ಆಗಿ ಪರದೆಯ ಆಚೆ ಕೂತು ಬೇರೆಯವರ ಸೈನ್ಯವನ್ನೂ ಸಹಿಸಿದ್ದೇನೆ. ಎರಡೂ ಕಡೆ ಕೂತು ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಪ್ರ: ಯಾವ ಆಟ, ಯಾವ ನಿಯಮ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ, ಅದರಲ್ಲೂ 2014ರ ನಿಯಮಗಳು. ಬೇರೆ ಆವೃತ್ತಿಗಳ ಮಾತು ಕೊನೆಯ ಕಡೆ ಬರುತ್ತದೆ. 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಹೆಣ ಎಬ್ಬಿಸುವ ಆನಿಮೇಟ್ ಡೆಡ್ ಮಂತ್ರ ಇದೆ, ಆದರೆ ವಿಝರ್ಡ್ ಎಂಬ ಮಾಂತ್ರಿಕನ ಪಾತ್ರಕ್ಕೆ ನೆಕ್ರೊಮ್ಯಾನ್ಸಿ (ಸತ್ತವರ ಮೇಲಿನ ಮಂತ್ರವಿದ್ಯೆ) ಉಪವರ್ಗ ಇಲ್ಲ. ಹಳೆಯ ಪುಸ್ತಕದ ಉಪವರ್ಗವನ್ನು ತರಲು ಬಿಡುತ್ತಾರೋ ಇಲ್ಲವೋ ಎಂದು ನಿಮ್ಮ ಡಿಎಮ್‌ರನ್ನು ಮೊದಲೇ ಕೇಳಿ.

ದುಡ್ಡು ಕೊಟ್ಟು ಪುಸ್ತಕ ಕೊಳ್ಳುವ ಮುಂಚೆ ಓದಿ ನೋಡಬೇಕೆಂದರೆ ಮೂಲ ನಿಯಮಗಳ ಸಂಗ್ರಹವಾದ ಎಸ್‌ಆರ್‌ಡಿ 5.1 ಉಚಿತವಾಗಿ ಸಿಗುತ್ತದೆ. 2023ರಿಂದ ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮಂತ್ರ, ಎಲುಬುಗೂಡು, ಜೋಂಬಿ ಎಲ್ಲವೂ ಅದರಲ್ಲಿವೆ. ನೆಕ್ರೊಮ್ಯಾನ್ಸಿ ಉಪವರ್ಗ ಮಾತ್ರ ಇಲ್ಲ, ವಿಝರ್ಡ್‌ಗೆ ಅಲ್ಲಿ ಕೊಟ್ಟಿರುವುದು ಇವೊಕೇಶನ್ ಒಂದೇ.

ಪ್ರ: ಯಾವ ಪಾತ್ರ ತಗೊಳ್ಳಲಿ?

ನೆಕ್ರೊಮ್ಯಾನ್ಸಿ ಓದಿದ ವಿಝರ್ಡ್. ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್‌ಗೂ ಆನಿಮೇಟ್ ಡೆಡ್ ಸಿಗುತ್ತದೆ, ಆದರೆ 6ನೇ ಲೆವೆಲ್‌ನಲ್ಲಿ ವಿಝರ್ಡ್‌ಗೆ ಬರುವ ಅನ್‌ಡೆಡ್ ಥ್ರಾಲ್ಸ್ ಎಂಬ ಸೌಲಭ್ಯ ಅವರಿಗಿಲ್ಲ. ಅದು ಬಂದ ಮೇಲೆ ಒಂದು ಸಲ ಮಂತ್ರ ಹಾಕಿದರೆ ಒಂದು ಹೆಣ ಹೆಚ್ಚಿಗೆ ಏಳುತ್ತದೆ. ಎದ್ದ ಪ್ರತಿಯೊಂದಕ್ಕೂ ನಿಮ್ಮ ವಿಝರ್ಡ್ ಲೆವೆಲ್‌ನಷ್ಟು ಎಚ್‌ಪಿ (ಜೀವಬಲದ ಅಂಕ) ಜಾಸ್ತಿ, ಹೊಡೆತಕ್ಕೆ ನಿಮ್ಮ ಪ್ರಾವೀಣ್ಯದ ಬೋನಸ್ ಜಾಸ್ತಿ. 13 ಎಚ್‌ಪಿಯ ಬಡಕಲು ಎಲುಬುಗೂಡು 19 ಎಚ್‌ಪಿಯದ್ದಾಗುತ್ತದೆ, 5ರ ಸರಾಸರಿ ಏಟು 8 ಆಗುತ್ತದೆ. ಸಣ್ಣ ಅಂಕಿ ಅನ್ನಿಸಬಹುದು. ಹನ್ನೆರಡರಿಂದ ಗುಣಿಸಿ ನೋಡಿ.

ಶಪಥ ಮುರಿದ ಯೋಧನ ಪಾತ್ರವಾದ ಓತ್‌ಬ್ರೇಕರ್ ಪ್ಯಾಲಡಿನ್ ಬಗ್ಗೆಯೂ ಕೇಳುತ್ತಾರೆ. 7ನೇ ಲೆವೆಲ್‌ನಲ್ಲಿ ಅವನ ಹತ್ತು ಅಡಿ ಸುತ್ತಲಿನ ಅನ್‌ಡೆಡ್‌ಗಳಿಗೆ (ಸತ್ತೂ ಎದ್ದು ನಡೆಯುವವಕ್ಕೆ) ಕೈಮೈ ಜಗಳದಲ್ಲಿ ಬಲ ಬರುವುದೇನೋ ನಿಜ. ಎದುರಾಳಿಯ ಅನ್‌ಡೆಡ್ ಅಷ್ಟು ಹತ್ತಿರ ಬಂದರೆ ಅದಕ್ಕೂ ಬರುತ್ತದೆ, ನೆನಪಿರಲಿ.

ಪ್ರ: ಲೆಕ್ಕ ಹೇಳಿ. ಎಷ್ಟು ಆಳು ಇಟ್ಟುಕೊಳ್ಳಬಹುದು?

ಹೆಚ್ಚಿನವರು ಎಡವುವುದೇ ಇಲ್ಲಿ. ಎಬ್ಬಿಸಿದ ಹೆಣ ಎದ್ದೇ ಇರುತ್ತದೆ, ಅದರ ಮೇಲಿನ ನಿಮ್ಮ ಹಿಡಿತ ಮಾತ್ರ 24 ಗಂಟೆಯದ್ದು. ಸ್ಲಾಟ್ ಅಂದರೆ ಒಂದು ಸಲ ಮಂತ್ರ ಹಾಕುವ ಅವಕಾಶ, ದಿನಕ್ಕೆ ಇಷ್ಟೇ ಅಂತ ಇರುತ್ತದೆ. 3ನೇ ಹಂತದ ಒಂದು ಸ್ಲಾಟ್ ಖರ್ಚು ಮಾಡಿದರೆ ಹೊಸದೊಂದನ್ನು ಎಬ್ಬಿಸಬಹುದು, ಅಥವಾ ಈಗಾಗಲೇ ಇರುವ ನಾಲ್ಕರ ಹಿಡಿತವನ್ನು ಇನ್ನೊಂದು ದಿನ ಮುಂದುವರಿಸಬಹುದು. ಎರಡರಲ್ಲಿ ಒಂದು. ಸ್ಲಾಟ್ ಒಂದೊಂದು ಹಂತ ಮೇಲೇರಿದಂತೆ ಎರಡೂ ಸಂಖ್ಯೆಗೆ ಎರಡೆರಡು ಸೇರುತ್ತದೆ: 4ನೇ ಹಂತದಲ್ಲಿ ಆರರ ಹಿಡಿತ, 5ನೇ ಹಂತದಲ್ಲಿ ಎಂಟರದು.

ಒಂದು ರೀತಿಯ ಮೀಟರ್ ಬಡ್ಡಿ ಇದು. ಅಸಲು ತೀರುವುದಿಲ್ಲ, ಬಡ್ಡಿ ಮಾತ್ರ ದಿನಾ ಕಟ್ಟಬೇಕು.

ನನ್ನ 6ನೇ ಲೆವೆಲ್ ವಿಝರ್ಡ್‌ದೇ ಲೆಕ್ಕ ನೋಡಿ. 3ನೇ ಹಂತದ ಸ್ಲಾಟ್ ಮೂರು, ಸ್ವಲ್ಪ ಹೊತ್ತು ಕೂತು ಆರ್ಕೇನ್ ರಿಕವರಿ ಎಂಬ ಸೌಲಭ್ಯದಿಂದ ವಾಪಸ್ ಪಡೆದದ್ದು ಒಂದು, ಒಟ್ಟು ನಾಲ್ಕು. ನಾಲ್ಕು ನಾಲ್ಕಲೆ ಹದಿನಾರು ಅಂತ ಹಿಗ್ಗಿ ಕೂತಿದ್ದೆ. ಮೊದಲ ದಿನ ನಾಲ್ಕೂ ಸ್ಲಾಟ್ ಹೊಸಬರಿಗೆ, ಥ್ರಾಲ್ಸ್ ಸೌಲಭ್ಯದಿಂದ ಸ್ಲಾಟಿಗೆ ಎರಡರಂತೆ ಎಂಟು ಎದ್ದವು. ಎರಡನೇ ದಿನ ಆ ಎಂಟರ ಬಡ್ಡಿಗೆ ಎರಡು ಸ್ಲಾಟ್ ಹೋಯಿತು, ಉಳಿದೆರಡರಲ್ಲಿ ಇನ್ನು ನಾಲ್ಕು ಸೇರಿ ಹನ್ನೆರಡಾಯಿತು. ಮೂರನೇ ದಿನ ಬಡ್ಡಿ ಮೂರು ಸ್ಲಾಟ್, ಉಳಿದ ಒಂದರಲ್ಲಿ ಎರಡು, ಒಟ್ಟು ಹದಿನಾಲ್ಕು. ನಾಲ್ಕನೇ ದಿನ ಹದಿನಾಲ್ಕನ್ನು ಉಳಿಸಿಕೊಳ್ಳುವುದಕ್ಕೇ ನಾಲ್ಕೂ ಸ್ಲಾಟ್ ಬೇಕಾಯಿತು. ಅಲ್ಲಿಗೆ ಗಾಡಿ ನಿಂತಿತು. ಕಾಗದದ ಮೇಲಿನ ಹದಿನಾರು ಕೈಗೆ ಬರಲೇ ಇಲ್ಲ.

ಆ ಮೂರೂ ದಿನ ನಾನು ಬೆಂಕಿಯುಂಡೆ ಸಿಡಿಸುವ ಒಂದು ಫೈರ್‌ಬಾಲ್ ಹಾಕಲಿಲ್ಲ, ಶತ್ರುವಿನ ಮಂತ್ರ ತಡೆಯುವ ಒಂದು ಕೌಂಟರ್‌ಸ್ಪೆಲ್ ಹಾಕಲಿಲ್ಲ. ಹಾಕಿದ್ದರೆ ಮಾರನೇ ದಿನ ನಾಲ್ಕು ಆಳು ನನ್ನ ಮಾತು ಕೇಳುತ್ತಿರಲಿಲ್ಲ.

ಮೇಲಿನ ಲೆವೆಲ್‌ಗಳಲ್ಲಿ ಉಳಿಸಿಕೊಳ್ಳುವ ಮಿತಿ ಹೀಗೆ. 10ನೇ ಲೆವೆಲ್‌ನಲ್ಲಿ 3ನೇ ಹಂತ ಮತ್ತು ಮೇಲಿನ ಎಲ್ಲ ಸ್ಲಾಟ್‌ಗಳನ್ನೂ ಸುರಿದರೆ 46, ರಿಕವರಿ ಸೇರಿಸಿದರೆ 54. 20ನೇ ಲೆವೆಲ್‌ನಲ್ಲಿ 128, ರಿಕವರಿಯೂ ಸೇರಿ 144. ಆ ಲೆವೆಲ್‌ನ ವಿಝರ್ಡ್ ಆನಿಮೇಟ್ ಡೆಡ್ ಅನ್ನು ತನ್ನ ಸಿಗ್ನೇಚರ್ ಸ್ಪೆಲ್ (ಸ್ಲಾಟ್ ಇಲ್ಲದೆ ಹಾಕಬಲ್ಲ ಮಂತ್ರ) ಎಂದು ಆರಿಸಿಕೊಂಡರೆ ಪ್ರತಿ ಸಣ್ಣ ವಿಶ್ರಾಂತಿಗೂ ಇನ್ನು ನಾಲ್ಕರ ಹಿಡಿತ ಬಿಟ್ಟಿ. ಆದರೆ 9ನೇ ಹಂತದ ಸ್ಲಾಟ್ ಕೈಯಲ್ಲಿರುವ ಮಾಂತ್ರಿಕ ಅದನ್ನು ಹದಿನಾರು ಎಲುಬುಗೂಡು ಸಾಕಲು ಖರ್ಚು ಮಾಡುವುದು ಆನೆ ಮಾರಿ ಕೋಳಿ ಕೊಂಡ ಹಾಗೆ.

ಪ್ರ: ಎಲುಬುಗೂಡೋ, ಜೋಂಬಿಯೋ?

ಎಲುಬುಗೂಡು. ಅದರ ಕೈಯಲ್ಲಿ ಬಿಲ್ಲಿದೆ, 80 ಅಡಿ ದೂರದಿಂದ ಹೊಡೆಯುತ್ತದೆ, ನಿಮ್ಮಷ್ಟೇ ವೇಗವಾಗಿ ನಡೆಯುತ್ತದೆ. ಜೋಂಬಿಗೆ 22 ಎಚ್‌ಪಿ ಇದ್ದರೂ ಎಸಿ (ಏಟು ತಗುಲಿಸಲು ಎದುರಾಳಿ ಮುಟ್ಟಬೇಕಾದ ಅಂಕ) ಬರೀ 8, ನಡಿಗೆ 20 ಅಡಿ. ಇಡೀ ತಂಡ ಅದಕ್ಕೋಸ್ಕರ ಕಾಯಬೇಕು.

ಜೋಂಬಿಯ ಪರವಾಗಿ ಹೇಳುವ ಮಾತು ಒಂದೇ: ಸಾಯುವ ಏಟು ಬಿದ್ದರೂ 1 ಎಚ್‌ಪಿಯಲ್ಲಿ ನಿಂತುಕೊಳ್ಳುವ ಅವಕಾಶ ಅದಕ್ಕಿದೆ. 5ಕ್ಕೆ ಬಿದ್ದ ಏಟು ಸೇರಿಸಿ, ಅಷ್ಟನ್ನು ದಾಳದಲ್ಲಿ ಮುಟ್ಟಿದರೆ ಸಾಕು. ಇಕ್ಕಟ್ಟಾದ ಓಣಿಗೆ ಅಡ್ಡ ನಿಲ್ಲಿಸಲು ಎರಡು ಜೋಂಬಿ, ಹಿಂದೆ ಆರು ಬಿಲ್ಲಾಳು. ನಾನು ಬಹಳ ಸಲ ಬಳಸಿದ ಜೋಡಣೆ ಇದೇ.

ಪ್ರ: ಹೆಣ, ಎಲುಬು ಎಲ್ಲಿಂದ ತರೋದು?

ಮಂತ್ರಕ್ಕೆ ಬೇಕಾದದ್ದು ಮನುಷ್ಯಜಾತಿಯ, ಅಂದರೆ ಹ್ಯೂಮನಾಯ್ಡ್ ವರ್ಗದ, ಸಣ್ಣ ಅಥವಾ ಮಧ್ಯಮ ಗಾತ್ರದ ಹೆಣ ಅಥವಾ ಎಲುಬು ರಾಶಿ. ಸ್ಮಶಾನಕ್ಕೆ ಹೋಗಲೇಬೇಡಿ. ಸ್ಮಶಾನಕ್ಕೆ ಪೂಜಾರಿಗಳಿರುತ್ತಾರೆ, ಸತ್ತವರಿಗೆ ನೆಂಟರಿರುತ್ತಾರೆ. ನೀವು ಹೇಗಿದ್ದರೂ ದಿನಾ ಯಾರೊಂದಿಗಾದರೂ ಹೊಡೆದಾಡುತ್ತೀರಿ, ಸತ್ತ ಡಕಾಯಿತರನ್ನು ಅಲ್ಲೇ ಎಬ್ಬಿಸಿ.

2014ರ ನಿಯಮದಲ್ಲಿ ಗಾಬ್ಲಿನ್ ಎಂಬ ಕುಳ್ಳ ಜೀವಿಗಳು ನಮ್ಮ ಅಕ್ಷಯಪಾತ್ರೆ ಆಗಿದ್ದವು. 2025ರ ಮಾನ್ಸ್‌ಟರ್ ಮ್ಯಾನ್ಯುಯಲ್‌ನಲ್ಲಿ ಅವುಗಳನ್ನು ಹ್ಯೂಮನಾಯ್ಡ್ ವರ್ಗದಿಂದ ತೆಗೆದು ಫೇ (ಯಕ್ಷಿಣಿಯಂಥವರ) ವರ್ಗಕ್ಕೆ ಸೇರಿಸಿಬಿಟ್ಟಿದ್ದಾರೆ. ಆ ಪುಸ್ತಕ ಬಳಸುವ ಮೇಜಿನಲ್ಲಿ ಸತ್ತ ಗಾಬ್ಲಿನ್ ಮೇಲೆ ಮಂತ್ರ ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಒಂದು ಗುಹೆಯಿಂದ ಒಂಬತ್ತು ಗಾಬ್ಲಿನ್ ಹೆಣ ಹೊತ್ತು ತಂದ ಗೆಳೆಯನ ಮುಖ ಇನ್ನೂ ಕಣ್ಣಮುಂದಿದೆ.

ಪ್ರ: ಆಯುಧ ನಾನೇ ಕೊಡಿಸಬೇಕಾ?

ಎಲುಬುಗೂಡಿನ ವಿವರದಲ್ಲಿ ಕಿರುಗತ್ತಿ, ಕಿರುಬಿಲ್ಲು ಇವೆ. ಎದ್ದಾಗ ಅವು ತಾವಾಗಿ ಕೈಗೆ ಬರುತ್ತವೆಯೇ ಎಂಬುದು ಡಿಎಮ್ ಇಷ್ಟ. ಬರುವುದಿಲ್ಲ ಅಂದರೆ ಒಂದು ಬಿಲ್ಲಿಗೆ 25 ಚಿನ್ನದ ನಾಣ್ಯ, ಇಪ್ಪತ್ತು ಬಾಣಕ್ಕೆ ಒಂದು ನಾಣ್ಯ. ಎಂಟು ಜನಕ್ಕೆ 200 ದಾಟಿತು. ಯುದ್ಧ ಮುಗಿದ ಮೇಲೆ ಒಂದು ನಿಮಿಷ ಹುಡುಕಿದರೆ ಹೊಡೆದ ಬಾಣಗಳಲ್ಲಿ ಅರ್ಧ ವಾಪಸ್ ಸಿಗುತ್ತವೆ. ಹುಡುಕುವ ಕೆಲಸವನ್ನೂ ಅವಕ್ಕೇ ಹಚ್ಚಿ.

ಪ್ರ: ಒಂದೊಂದಕ್ಕೂ ಬೇರೆ ಬೇರೆ ಆಜ್ಞೆ ಕೊಡಬಹುದಾ?

ಒಂದೇ ಸರದಿಯಲ್ಲಿ ಆಗುವುದಿಲ್ಲ. ಆಜ್ಞೆ ಮನಸ್ಸಿನಲ್ಲೇ ಕೊಡುತ್ತೀರಿ, ಅದಕ್ಕೆ ಒಂದು ಬೋನಸ್ ಆಕ್ಷನ್ (ಸರದಿಗೆ ಒಂದೇ ಸಿಗುವ ಚಿಕ್ಕ ಕ್ರಿಯೆ) ಬೇಕು, ಆಳು 60 ಅಡಿಯೊಳಗೆ ಇರಬೇಕು. ಎಷ್ಟು ಜನಕ್ಕೆ ಬೇಕಾದರೂ ಒಟ್ಟಿಗೆ ಹೇಳಬಹುದು, ಆದರೆ ಎಲ್ಲರಿಗೂ ಅದೇ ಆಜ್ಞೆ.

ಕೊಟ್ಟ ಕೆಲಸ ಮುಗಿಯುವವರೆಗೂ ಅದನ್ನೇ ಮಾಡುತ್ತವೆ. ಹಾಗಾಗಿ "ನಾನು ಬಾಣ ಹೊಡೆದವನಿಗೇ ನೀವೂ ಹೊಡೆಯಿರಿ" ಎಂಬಂಥ ಆಜ್ಞೆ ಒಳ್ಳೆಯದು, ಪ್ರತಿ ಸುತ್ತೂ ಹೇಳುವ ಕೆಲಸ ಇಲ್ಲ. ಮಾತು ತೂಗಿ ಆಡಿ. ಒಮ್ಮೆ ನಾನು "ಈ ಬಾಗಿಲಿನಿಂದ ಬಂದವರನ್ನು ಕೊಲ್ಲಿ" ಅಂದೆ. ಮೊದಲು ಬಂದವನು ನಮ್ಮದೇ ಕ್ಲೆರಿಕ್.

ಪ್ರ: ಹಿಡಿತ ಮುಂದುವರಿಸೋದು ಮರೆತರೆ?

ಅವು ನಿಮ್ಮ ಮಾತು ಕೇಳುವುದನ್ನು ನಿಲ್ಲಿಸುತ್ತವೆ, ಅಷ್ಟೇ. ಪುಡಿಯಾಗಿ ಬೀಳುವುದಿಲ್ಲ. ಬಿಲ್ಲು ಹಿಡಿದು, ನೀವು ಕೊಡಿಸಿದ ಬಾಣ ಇಟ್ಟುಕೊಂಡು, ನಿಮ್ಮ ಹಾಸಿಗೆಯ ಸುತ್ತಲೇ ನಿಂತಿರುತ್ತವೆ. ಜೀವ ಇರುವವರನ್ನು ಕಂಡರೆ ಅವಕ್ಕೆ ಆಗದು. ವಿಕ್ರಮನ ಬೆನ್ನಿಗಿದ್ದದ್ದು ಒಂದೇ ಬೇತಾಳ, ಅದೂ ಬರೀ ಕತೆ ಹೇಳುತ್ತಿತ್ತು.

ಮಲಗುವ ಮುಂಚೆ ಉಳಿದ ಸ್ಲಾಟ್‌ಗಳಲ್ಲಿ ಮಂತ್ರ ಹಾಕಿ ಮಲಗಿದರೆ ಬೆಳಿಗ್ಗೆ ಪೂರ್ತಿ ಸ್ಲಾಟ್‌ಗಳೊಂದಿಗೆ ಏಳುತ್ತೀರಿ, ಹಿಡಿತ ಮಾರನೇ ರಾತ್ರಿವರೆಗೂ ಇರುತ್ತದೆ. ಹಾಳೆಯ ಮೂಲೆಯಲ್ಲಿ ಯಾವ ಗುಂಪಿಗೆ ಯಾವಾಗ ಮಂತ್ರ ಹಾಕಿದ್ದು ಅಂತ ಬರೆದಿಡಿ. ಡಿಎಮ್ ಮರೆತಿರುತ್ತಾರೆ ಎಂಬ ಭರವಸೆ ಬೇಡ.

ಪ್ರ: ಇಷ್ಟೊಂದು ದಾಳ ಯಾರು ಹಾಕೋದು?

ನನ್ನ ಕೇಳಿದರೆ ಈ ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ. ಸ್ಲಾಟ್ ಅಲ್ಲ, ಹೆಣ ಅಲ್ಲ, ಮೇಜಿನ ಸುತ್ತ ಕೂತ ಉಳಿದ ನಾಲ್ಕು ಜನರ ಸಮಯವೇ ನಿಮ್ಮ ಸೈನ್ಯದ ನಿಜವಾದ ಮಿತಿ.

ನನ್ನ ಹದಿನಾಲ್ಕು ಮೊದಲ ಬಾರಿ ಯುದ್ಧಕ್ಕಿಳಿದದ್ದು ಒಂದು ಭಾನುವಾರ ಮಧ್ಯಾಹ್ನ. ಒಂದೊಂದನ್ನೂ ಒಂದೊಂದು ಚೌಕಕ್ಕೆ ಸರಿಸಿ, ಒಂದೊಂದಕ್ಕೂ ಇಪ್ಪತ್ತು ಮುಖದ ದಾಳ ಹಾಕಿ, ತಗುಲಿದರೆ ಆರು ಮುಖದ್ದು ಹಾಕಿ, ಕೂಡಿಸಿ. ರೋಗ್ ಎಂಬ ಕಳ್ಳನಂಥ ಪಾತ್ರ ಆಡುತ್ತಿದ್ದ ಗೆಳತಿ ಎದ್ದು ಹೋಗಿ, ಈರುಳ್ಳಿ ಹೆಚ್ಚಿ, ಒಗ್ಗರಣೆ ಅವಲಕ್ಕಿ ಮಾಡಿ, ಎಲ್ಲರಿಗೂ ತಟ್ಟೆಯಲ್ಲಿ ಹಾಕಿ ತಂದಳು. ಅವಳ ಸರದಿ ಇನ್ನೂ ಬಂದಿರಲಿಲ್ಲ. ಅವಳು ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮುಂದಿನ ವಾರದಿಂದ ಮೂರು ಬದಲಾವಣೆ ಮಾಡಿಕೊಂಡೆವು. ಮೊದಲನೆಯದು, ಇಡೀ ಪಡೆಗೆ ಒಂದೇ ಸರದಿ, ನನ್ನ ಸರದಿಯ ಬೆನ್ನಿಗೇ. ಎರಡನೆಯದು, ಏಟಿಗೆ ದಾಳ ಇಲ್ಲ, ಪುಸ್ತಕದಲ್ಲಿ ಅಚ್ಚಾಗಿರುವ ಸರಾಸರಿಯೇ ಗತಿ.

ಮೂರನೆಯದು 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಗುಂಪು ದಾಳಿಗೆ ಕೊಟ್ಟಿರುವ ಕೋಷ್ಟಕ. ಎದುರಾಳಿಗೆ ತಗುಲಿಸಲು ಇಪ್ಪತ್ತರ ದಾಳದಲ್ಲಿ ಎಷ್ಟು ಬೀಳಬೇಕು ಅಂತ ನೋಡಿ. 6ರಿಂದ 12 ಬೇಕಾದರೆ ಇಬ್ಬರಿಗೆ ಒಂದು ಏಟು ತಗುಲಿತು ಅಂತ ಲೆಕ್ಕ. 13 ಅಥವಾ 14 ಬೇಕಾದರೆ ಮೂವರಿಗೆ ಒಂದು, 15 ಅಥವಾ 16ಕ್ಕೆ ನಾಲ್ವರಿಗೆ ಒಂದು, 20 ಬಿದ್ದರಷ್ಟೇ ತಗುಲುವಂತಿದ್ದರೆ ಇಪ್ಪತ್ತು ಜನಕ್ಕೆ ಒಂದು. ಎದುರಿಗೆ ಎಸಿ 18ರ ನೈಟ್ (ಕವಚ ತೊಟ್ಟ ಯೋಧ) ಇದ್ದಾನೆ ಅನ್ನಿ. ಎಲುಬುಗೂಡಿನ ದಾಳಕ್ಕೆ 4 ಸೇರುತ್ತದೆ, 14 ಬೀಳಬೇಕು. ಹನ್ನೆರಡು ಬಿಲ್ಲಾಳುಗಳಿಂದ ನಾಲ್ಕು ಏಟು, ಒಂದಕ್ಕೆ 8ರಂತೆ 32. ಒಂದೂ ದಾಳ ಉರುಳಲಿಲ್ಲ, ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಫೈರ್‌ಬಾಲ್‌ನ ಸರಾಸರಿ 28. ಇವು ಪ್ರತಿ ಸುತ್ತೂ ಅದಕ್ಕಿಂತ ಹೆಚ್ಚು ಹೊಡೆಯುತ್ತವೆ ಅನ್ನುವುದು ಆವತ್ತೇ ನಮಗೆಲ್ಲ ಹೊಳೆದದ್ದು. ಡಿಎಮ್ ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಇನ್ನು ಗೊಂಬೆಗಳು. ಹದಿನಾಲ್ಕು ಎಲುಬುಗೂಡಿನ ಗೊಂಬೆ ಕೊಳ್ಳುವ ಹುಚ್ಚಿಗೆ ಬೀಳಬೇಡಿ. ಚೌಕಾಬಾರಕ್ಕೆ ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆಬೀಜ ಇರುತ್ತದಲ್ಲ, ಅದೇ ಸಾಕು. ಬಿಳಿ ಮೇಲಿದ್ದರೆ ನಿಂತಿದೆ, ಕಪ್ಪು ಮೇಲಿದ್ದರೆ ಬಿದ್ದಿದೆ. ಆಟ ಮುಗಿದ ಮೇಲೆ ಇಡೀ ಸೈನ್ಯ ಒಂದು ಮಾತ್ರೆ ಡಬ್ಬಿಯಲ್ಲಿ ಕೂರುತ್ತದೆ.

ಪ್ರ: ಒಂದೇ ಏಟಿಗೆ ಇಡೀ ಸೈನ್ಯ ಹೋಗುತ್ತೆ ಅಂತಾರೆ, ನಿಜವಾ?

ನಿಜ. ಸಾಮಾನ್ಯ ಎಲುಬುಗೂಡಿನ ಎಚ್‌ಪಿ 13. ಫೈರ್‌ಬಾಲ್ ಸರಾಸರಿ 28, ತಪ್ಪಿಸಿಕೊಂಡರೂ ಅರ್ಧ, ಅಂದರೆ 14. ತಪ್ಪಿಸಿಕೊಂಡೂ ಸತ್ತಿತು. ಥ್ರಾಲ್ಸ್ ಸೌಲಭ್ಯದ 19 ಎಚ್‌ಪಿ ಇಲ್ಲಿ ಕೈಹಿಡಿಯುತ್ತದೆ. ಆದರೂ ಒತ್ತೊತ್ತಾಗಿ ನಿಲ್ಲಿಸಬೇಡಿ, 20 ಅಡಿ ತ್ರಿಜ್ಯದಲ್ಲಿ ಎಲ್ಲವೂ ಸಿಗುವಂತೆ ಇಡಬೇಡಿ.

ಅದಕ್ಕಿಂತ ಕೆಟ್ಟದ್ದು ಎದುರು ಪಕ್ಷದ ಕ್ಲೆರಿಕ್. 5ನೇ ಲೆವೆಲ್ ಮುಟ್ಟಿದ ಕ್ಲೆರಿಕ್ ಅನ್‌ಡೆಡ್‌ಗಳನ್ನು ಓಡಿಸುವ ಟರ್ನ್ ಅನ್‌ಡೆಡ್ ಮಾಡಿದರೆ 30 ಅಡಿಯೊಳಗೆ ಸೋತ ಎಲುಬುಗೂಡು, ಜೋಂಬಿ ಓಡುವುದೂ ಇಲ್ಲ, ಅಲ್ಲೇ ಬೂದಿ. ಬಿಲ್ಲಾಳುಗಳನ್ನು ಆ ಕ್ಲೆರಿಕ್‌ನಿಂದ 60 ಅಡಿ ಆಚೆ ಇಟ್ಟರೆ ಅರ್ಧ ತಲೆನೋವು ಕಡಿಮೆ. ಸುತ್ತಿಗೆ, ಗದೆ ಹಿಡಿದವರ ಹತ್ತಿರವಂತೂ ಬಿಡಲೇಬೇಡಿ. ಜಜ್ಜುವ ಏಟು ಎಲುಬಿಗೆ ಎರಡರಷ್ಟು ಬೀಳುತ್ತದೆ.

ಮಂತ್ರ ಬಿಡಿಸುವ ಡಿಸ್ಪೆಲ್ ಮ್ಯಾಜಿಕ್‌ಗೆ ಹೆದರಬೇಕಿಲ್ಲ. ಎಬ್ಬಿಸುವ ಮಂತ್ರ ಕ್ಷಣದಲ್ಲಿ ಮುಗಿದುಹೋಗಿರುತ್ತದೆ, ಬಿಡಿಸಲು ಏನೂ ಉಳಿದಿರುವುದಿಲ್ಲ.

ಪ್ರ: ಊರೊಳಗೆ ಹೇಗೆ ಕರ್ಕೊಂಡು ಹೋಗಲಿ?

ಕರೆದುಕೊಂಡು ಹೋಗಬೇಡಿ. ನಿಯಮಪುಸ್ತಕವೇ ಇದು ಒಳ್ಳೆಯ ಕೆಲಸವಲ್ಲ, ಪದೇ ಪದೇ ಮಾಡುವವರು ದುಷ್ಟರು ಅಂತ ಹೇಳಿಬಿಟ್ಟಿದೆ, ಹೆಬ್ಬಾಗಿಲ ಕಾವಲುಗಾರನಿಗೂ ಅಷ್ಟು ಗೊತ್ತಿರುತ್ತದೆ. ಅವಕ್ಕೆ ಉಸಿರು, ಅನ್ನ, ನೀರು, ನಿದ್ದೆ ಯಾವುದೂ ಬೇಡ. ಹೊಳೆಯ ತಳದಲ್ಲಿ ಕೂರಿಸಿ ಹೋಗಿ, ಸಂಜೆ ಬಂದು ಕರೆಯಿರಿ. ಮುಚ್ಚಿದ ಗಾಡಿಯೂ ಆಗುತ್ತದೆ, ಆದರೆ ಗಾಡಿ ಎಳೆಯುವ ಕುದುರೆ ಏನನ್ನುತ್ತದೆ ಅಂತ ಡಿಎಮ್ ಕೇಳಿಯೇ ಕೇಳುತ್ತಾರೆ.

ಪ್ರ: ಇದೆಲ್ಲ ಸಣ್ಣದಾಯ್ತು. ನೂರಾರು ಬೇಕು ಅಂದರೆ?

ಎರಡು ಕಳ್ಳದಾರಿ ಇವೆ.

ಒಂದು, ವೈಟ್‌ಗಳು, ಅಂದರೆ ಬುದ್ಧಿಯಿರುವ ಅನ್‌ಡೆಡ್‌ಗಳು. ಕ್ರಿಯೇಟ್ ಅನ್‌ಡೆಡ್ ಎಂಬ ಮಂತ್ರವನ್ನು ರಾತ್ರಿ ಹೊತ್ತಷ್ಟೇ ಹಾಕಬೇಕು, ಹೆಣಕ್ಕೊಂದರಂತೆ 150 ಚಿನ್ನದ ನಾಣ್ಯದ ಕಪ್ಪು ಓನಿಕ್ಸ್ ಕಲ್ಲು ಬೇಕು. 8ನೇ ಹಂತದ ಸ್ಲಾಟ್‌ನಲ್ಲಿ ಹಾಕಿದರೆ ಎರಡು ವೈಟ್ ಏಳುತ್ತವೆ. ವೈಟ್ ತನ್ನ ಪ್ರಾಣ ಹೀರುವ ಏಟಿನಿಂದ ಕೊಂದ ಮನುಷ್ಯ 24 ಗಂಟೆ ಕಳೆದು ಜೋಂಬಿಯಾಗಿ ಏಳುತ್ತಾನೆ, ವೈಟ್‌ನ ಮಾತು ಕೇಳುತ್ತಾನೆ. ಒಂದು ವೈಟ್‌ಗೆ ಹನ್ನೆರಡು ಜೋಂಬಿ ಮಿತಿ. ಅಲ್ಲಿಗೆ ದಿನಕ್ಕೆ ಒಂದೇ ಸ್ಲಾಟ್‌ನಲ್ಲಿ ಇಪ್ಪತ್ತನಾಲ್ಕು ಜೋಂಬಿ. ಒಳಗುತ್ತಿಗೆ ಕೊಟ್ಟ ಹಾಗೆ. ಒಂದು ರಾತ್ರಿ ವೈಟ್ ಮೇಲಿನ ಹಿಡಿತ ತಪ್ಪಿದರೆ ಅದು ತನ್ನ ಹನ್ನೆರಡು ಜನರನ್ನೂ ಕಟ್ಟಿಕೊಂಡೇ ಹೊರಡುತ್ತದೆ.

ಇನ್ನೊಂದು, 7ನೇ ಹಂತದ ಫಿಂಗರ್ ಆಫ್ ಡೆತ್. ಇದರಿಂದ ಸತ್ತ ಮನುಷ್ಯ ನಿಮ್ಮ ಮುಂದಿನ ಸರದಿಗೆ ಜೋಂಬಿಯಾಗಿ ಎದ್ದು ಕಾಯಂ ಆಗಿ ನಿಮ್ಮವನಾಗುತ್ತಾನೆ. ಬಡ್ಡಿ ಇಲ್ಲ, ಮಿತಿ ಇಲ್ಲ. 13ನೇ ಲೆವೆಲ್ ವಿಝರ್ಡ್ ದಿನಕ್ಕೊಬ್ಬರಂತೆ ಒಂದು ವರ್ಷ ಕೂತರೆ 365. ಕಾಗದದ ಮೇಲೆ ಇದಕ್ಕಿಂತ ದೊಡ್ಡ ಸೈನ್ಯ ಇನ್ನೊಂದಿಲ್ಲ. ಆದರೆ ದಿನಕ್ಕೊಬ್ಬ ಬಡಪಾಯಿಯನ್ನು ಕಟ್ಟಿಹಾಕಿ ಕೊಲ್ಲುವ ಪಾತ್ರವನ್ನು ಬೇರೆ ಆಟಗಾರರು ಗೆಳೆಯ ಅಂತ ಇಟ್ಟುಕೊಳ್ಳುವುದು ಕಷ್ಟ. ಅವರೇ ನಿಮ್ಮನ್ನು ಮುಗಿಸಲು ಹೊರಟರೆ ಡಿಎಮ್ ತಡೆಯುವುದಿಲ್ಲ. ನಾನಂತೂ ತಡೆಯಲಿಲ್ಲ.

ಪ್ರ: ಬೇರೆ ಆವೃತ್ತಿಗಳಲ್ಲಿ ಸುಲಭವಾ?

ಇದೇ ಆಟದ ಹಳೆಯ 3.5 ಆವೃತ್ತಿಯಲ್ಲಿ ಸುಖ. ಹಿಡಿತಕ್ಕೆ ದಿನದ ಗಡುವು ಇರಲಿಲ್ಲ. ನಿಮ್ಮ ಒಂದು ಕ್ಯಾಸ್ಟರ್ ಲೆವೆಲ್‌ಗೆ (ಮಂತ್ರ ಹಾಕುವವರ ಲೆವೆಲ್) ನಾಲ್ಕು ಹಿಟ್ ಡೈಸ್‌ನಷ್ಟು (ಜೀವಿಯ ಬಲ ಅಳೆಯುವ ದಾಳಗಳು) ಅನ್‌ಡೆಡ್ ಇಟ್ಟುಕೊಳ್ಳಬಹುದಿತ್ತು. 10ನೇ ಲೆವೆಲ್ ಕ್ಲೆರಿಕ್‌ಗೆ ಒಂದು ಹಿಟ್ ಡೈಸ್‌ನ ನಲವತ್ತು ಎಲುಬುಗೂಡು. ಖರ್ಚು ಬೇರೆ ರೂಪದಲ್ಲಿ ಬರುತ್ತಿತ್ತು: ಹಿಟ್ ಡೈಸ್‌ಗೆ 25 ಚಿನ್ನದ ನಾಣ್ಯದ ಲೆಕ್ಕದಲ್ಲಿ ಕಪ್ಪು ಓನಿಕ್ಸ್ ಕಲ್ಲನ್ನು ಹೆಣದ ಬಾಯಿಗೋ ಕಣ್ಣಿನ ಗುಳಿಗೋ ಇಡಬೇಕು. ನಲವತ್ತಕ್ಕೆ ಸಾವಿರ. ಅಲ್ಲಿ ಹೆಣ ಮನುಷ್ಯರದ್ದೇ ಆಗಬೇಕೆಂದಿರಲಿಲ್ಲ, ಹಾಗಾಗಿ ಜಾಣರು ನಲವತ್ತು ಸಣ್ಣವನ್ನು ಬಿಟ್ಟು ದೈತ್ಯನದ್ದೋ ಡ್ರ್ಯಾಗನ್‌ನದ್ದೋ ಒಂದೆರಡು ದೊಡ್ಡ ಅಸ್ಥಿಪಂಜರ ಎಬ್ಬಿಸುತ್ತಿದ್ದರು. ಮೇಜಿಗೂ ಅದೇ ಹಗುರ.

ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿ ಈ ಆಸೆಗೆ ಬೀಗ ಹಾಕಿದೆ. ಅಲ್ಲಿ ನಿಮ್ಮ ಕೈಕೆಳಗಿನ ಮಿನಿಯನ್‌ಗಳು ನಾಲ್ಕು ದಾಟುವಂತಿಲ್ಲ.

ಮೊದಮೊದಲು ಹೀಗಿರಲಿಲ್ಲ. 1974ರಲ್ಲಿ ಬಂದ ಮೂಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟಿದ್ದೇ ಸೈನ್ಯಗಳನ್ನು ನಡೆಸುವ ಯುದ್ಧದಾಟದಿಂದ. ಅಲ್ಲಿ ಐವತ್ತು ಎಲುಬುಗೂಡು ಎಂದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ.

ಪ್ರ: ನಾನು ಡಿಎಮ್. ನಮ್ಮ ಹುಡುಗ ಇದನ್ನೇ ಆಡ್ತೀನಿ ಅಂತ ಹಟ ಹಿಡಿದಿದ್ದಾನೆ. ಬಿಡಲಾ?

ಬಿಡಿ, ಎಂಟಕ್ಕೆ ನಿಲ್ಲಿಸಿ. ಯಾಕೆ ಎಂಟು ಅಂತ ಅವನಿಗೇ ಎದುರು ಕೂರಿಸಿ ಹೇಳಿ, ಕತೆಯೊಳಗೆ ಫೈರ್‌ಬಾಲ್ ಹಾಕಿ ಸೇಡು ತೀರಿಸಿಕೊಳ್ಳಬೇಡಿ. ಪ್ರತಿ ಯುದ್ಧದಲ್ಲೂ ಎದುರಿಗೆ ಕ್ಲೆರಿಕ್ ಬರತೊಡಗಿದರೆ ಅವನಿಗೆ ಅರ್ಥವಾಗಿಬಿಡುತ್ತದೆ, ಮನಸ್ಸು ಮುರಿಯುತ್ತದೆ. ಅಷ್ಟೂ ಬೇಡ ಅಂದರೆ 2020ರ ಟಾಶಾಸ್ ಪುಸ್ತಕದಲ್ಲಿರುವ ಸಮನ್ ಅನ್‌ಡೆಡ್ ಮಂತ್ರ ತೋರಿಸಿ. ಒಂದೇ ಆಳು, ಒಂದು ಗಂಟೆ, ಏಕಾಗ್ರತೆ ತಪ್ಪಿದರೆ ಮಾಯ. ನೆಕ್ರೊಮ್ಯಾನ್ಸರ್‌ನ ಗತ್ತು ಸಿಗುತ್ತದೆ, ಅವಲಕ್ಕಿ ಮಾಡುವಷ್ಟು ಹೊತ್ತು ಹಿಡಿಯುವುದಿಲ್ಲ.

ಪ್ರ: ಸತ್ತುಹೋದ ನನ್ನ ಪಾತ್ರದ ನಾಯಿಯನ್ನ ಎಬ್ಬಿಸಬಹುದಾ?

ಐದನೇ ಆವೃತ್ತಿಯ ಆನಿಮೇಟ್ ಡೆಡ್‌ನಿಂದ ಆಗದು, ನಾಯಿ ಮನುಷ್ಯಜಾತಿ ಅಲ್ಲ. ಡಿಎಮ್‌ರನ್ನು ಕೇಳಿ ನೋಡಿ. ನಾಯಿಗೆ ಇಲ್ಲ ಅಂದ ಡಿಎಮ್‌ರನ್ನು ನಾನಿನ್ನೂ ನೋಡಿಲ್ಲ.

ಪ್ರ: ಸೇನಾಪತಿ ನಾನೇ ಸತ್ತರೆ ಅವು ಏನು ಮಾಡುತ್ತವೆ?

ಕೊನೆಯ ಆಜ್ಞೆ ಮುಗಿಯುವವರೆಗೂ ಅದನ್ನೇ ಮಾಡುತ್ತವೆ, 24 ಗಂಟೆ ತುಂಬಿದ ಮೇಲೆ ತಮ್ಮಿಷ್ಟ. ನನ್ನ ವಿಝರ್ಡ್ ಒಂದು ಸೇತುವೆಯ ಮೇಲೆ ಸತ್ತ. ಸಾಯುವ ಮುಂಚಿನ ಸರದಿಯಲ್ಲಿ "ಈ ಸೇತುವೆ ದಾಟಲು ಯಾರಿಗೂ ಬಿಡಬೇಡಿ" ಅಂದಿದ್ದೆ. ಶತ್ರುಗಳು ಆ ದಡದಲ್ಲಿ ಉಳಿದರು, ನಮ್ಮ ತಂಡವೂ ಆ ದಡದಲ್ಲೇ ಉಳಿಯಿತು. ಹುಣಸೆಬೀಜ ಹನ್ನೊಂದು ಬಿಳಿ ಮೇಲಾಗಿ ಕೂತಿದ್ದವು. ರೋಗ್ ಅವುಗಳನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ದಾಳ ಕೈಗೆ ತಗೊಂಡು "ನನಗೆ ಈಜು ಬರುತ್ತಾ?" ಅಂತ ಡಿಎಮ್‌ರನ್ನು ಕೇಳಿದಳು.